ಕ್ಯಾಡ್ವೆಲ್ ಗುಡ್ಡದಲ್ಲಿ ಅಪ್ಪನ ಕಿವಿ

ಇಂಗ್ಲೆಂಡಿಗೆ ಬಂದ ಅಪ್ಪ ಅಮ್ಮನನ್ನು ನಾವೆಲ್ಲ ಎಲ್ಲೆಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಅನ್ನೋದು ಓದುಗರಿಗೆ ಗೊತ್ತೇ ಇದೆ. ಬಕಿಂಗ್‌ಹ್ಯಾಮ್ ಅರಮನೆಯ ಗೇಟು, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ, ಆಮೇಲೆ ಯಾವುದಾದರೂ ಒಂದು ಸರೋವರ. ನಮ್ಮ ಅಪ್ಪ ಇದನ್ನೆಲ್ಲ ಎರಡು ದಿನದಲ್ಲಿ ಮುಗಿಸಿ, "ಆಯ್ತು ಕಣಮ್ಮ, ಇನ್ನು ನಿನ್ನ ಆ ಪುಟಾಣಿ ಕಾರು ತೋರಿಸು" ಅಂದರು. ಹಾಸನ ಜಿಲ್ಲೆಯ ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವರು. ಅರಮನೆಗಿಂತ ಗ್ಯಾರೇಜಿನ ವಾಸನೆಯೇ ಅವರಿಗೆ ಹಿತ.

ಆ ಪುಟಾಣಿ ಕಾರಿನ ಹೆಸರು ಕೇಟರ್‌ಹ್ಯಾಮ್ ಸೆವೆನ್. ಮುಂದೆ ಉದ್ದ ಮೂತಿ, ಹೊರಗೆ ಚಾಚಿದ ಚಕ್ರಗಳು, ಎರಡೇ ಸೀಟು. ಬಾಗಿಲೂ ಇಲ್ಲ, ಸೂರೂ ಇಲ್ಲದ ಹಾಗೆಯೇ ಓಡಿಸುವುದು ರೂಢಿ. ಏಸಿ, ರೇಡಿಯೊ, ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ಯಾವುದೂ ಇಲ್ಲ. ಎಲ್ಲ ಸೇರಿ 550 ಕಿಲೋ. ನಮ್ಮ ಹಳೇ ಮಾರುತಿ 800 ಕೂಡ ಇದಕ್ಕಿಂತ ನೂರು ಕಿಲೋ ಜಾಸ್ತಿ ತೂಗುತ್ತಿತ್ತು. ಎಂಜಿನ್ ಮಾತ್ರ ಫೋರ್ಡಿನ 1.6 ಲೀಟರಿನದು, 125 ಅಶ್ವಶಕ್ತಿ.

ಇದರ ಕಥೆ ದೊಡ್ಡದು. 1957ರಲ್ಲಿ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ ಈ ಕಾರನ್ನು ಲೋಟಸ್ ಸೆವೆನ್ ಎಂಬ ಹೆಸರಲ್ಲಿ ಹೊರತಂದ. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರು ಕೊಂಡರೆ ಖರೀದಿ ತೆರಿಗೆ ಕಟ್ಟಬೇಕಿತ್ತು, ಬಿಡಿಭಾಗ ಕೊಂಡರೆ ಇಲ್ಲ. ಹಾಗಾಗಿ ಚೌಕಟ್ಟು, ಎಂಜಿನ್, ಚಕ್ರ, ನಟ್ಟು ಬೋಲ್ಟು ಎಲ್ಲವನ್ನೂ ಪೆಟ್ಟಿಗೆಯಲ್ಲಿ ಕೊಡುತ್ತಿದ್ದರು. ಕೊಂಡವರು ಮನೆಯಲ್ಲಿ ಜೋಡಿಸಿಕೊಳ್ಳಬೇಕು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಲೋಟಸ್ ಇದರ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಊರಿನ ಡೀಲರಿಗೆ ಕೊಟ್ಟುಬಿಟ್ಟಿತು. ತೆರಿಗೆ ಉಳಿಯದಿದ್ದರೂ ಮನೆಯಲ್ಲಿ ಕಾರು ಕಟ್ಟುವ ಹುಚ್ಚು ಇಲ್ಲಿಯವರಿಗೆ ಬಿಟ್ಟಿಲ್ಲ. ನಾನು ಕೊಂಡಿದ್ದು ಸೆಕೆಂಡ್‌ಹ್ಯಾಂಡ್. ನಿವೃತ್ತ ಮೇಷ್ಟ್ರೊಬ್ಬರು ಒಂದು ಚಳಿಗಾಲ ಪೂರ್ತಿ ಕೂತು ಜೋಡಿಸಿದ್ದಂತೆ. ಯಾವ ಬೋಲ್ಟನ್ನು ಯಾವ ತಾರೀಖು ಬಿಗಿ ಮಾಡಿದೆ ಎಂದು ಬರೆದಿಟ್ಟ ನೋಟ್‌ಬುಕ್ಕನ್ನೂ ಕೊಟ್ಟರು. ಅಪ್ಪ ಅದನ್ನು ಭೂತಗನ್ನಡಿ ಹಿಡಿದು ಎರಡು ರಾತ್ರಿ ಓದಿದರು.

ಭೂತಗನ್ನಡಿ ಯಾಕೆಂದರೆ ಅಪ್ಪನಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ನರವನ್ನು ಸವೆಸುತ್ತಾ ಹೋಗುವ ಕಾಯಿಲೆ. ನೋವಿಲ್ಲದೆ, ಮೊದಲು ಅಂಚಿನ ನೋಟ ಹೋಗುತ್ತದೆ. ಹೋದದ್ದು ಮರಳಿ ಬರೋದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ಹನಿ ಹಾಕಿಕೊಳ್ಳಬೇಕು ಅಷ್ಟೆ. ಅಪ್ಪನಿಗೆ ಗೊತ್ತಾದಾಗ ಬಲಗಣ್ಣಿನಲ್ಲಿ ಬಹಳಷ್ಟು ಹೋಗಿತ್ತು. ಸ್ಕೂಟರ್ ಮಾರಿದರು, ಲೈಸೆನ್ಸ್ ನವೀಕರಿಸಲಿಲ್ಲ. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಲ್ಲಿ ತಂದೆ ತಾಯಿಗೆ ಗ್ಲಾಕೋಮಾ ಇದ್ದರೆ ನಲವತ್ತು ದಾಟಿದ ಮಕ್ಕಳಿಗೆ ಕಣ್ಣಿನ ಪರೀಕ್ಷೆ ಉಚಿತ. ನನಗೀಗ ನಲವತ್ತನಾಲ್ಕು. ಪ್ರತಿವರ್ಷ ಹೋಗಿ, ಯಂತ್ರದೊಳಗೆ ಮಿಣುಕುವ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಬರುತ್ತೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದರೆ ದಯವಿಟ್ಟು ಒಮ್ಮೆ ತೋರಿಸಿಕೊಳ್ಳಿ.

ಇನ್ನು ಕಾರಿನ ವಿಷಯ. ಟ್ರ್ಯಾಕಿಗೆ ಹೋಗುವ ಮೊದಲು ಅದರ ತೂಕ ಸರಿಮಾಡಬೇಕು. ಒಟ್ಟು ತೂಕ ಅಲ್ಲ, ಯಾವ ಚಕ್ರದ ಮೇಲೆ ಎಷ್ಟು ಅನ್ನೋದು. ಹಗುರ ಕಾರಿನಲ್ಲಿ ಹತ್ತು ಕಿಲೋ ಆಚೀಚೆಯಾದರೂ ಒಂದು ಕಡೆ ತಿರುಗುವಾಗ ಒಂಥರಾ, ಇನ್ನೊಂದು ಕಡೆ ಇನ್ನೊಂಥರಾ. ನಾಲ್ಕು ತಕ್ಕಡಿ ಬಾಡಿಗೆಗೆ ತಂದು ನಾಲ್ಕು ಚಕ್ರದ ಕೆಳಗೆ ಇಟ್ಟೆವು. ಡ್ರೈವರ್ ಸೀಟಿನಲ್ಲಿ ನನ್ನಷ್ಟೇ ಭಾರ ಇರಬೇಕು. ನಾನೇ ಕೂತರೆ ಕೆಲಸ ಮಾಡೋರು ಯಾರು? ಇಪ್ಪತ್ತು ಕಿಲೋದ ಮೂರು ಸೋನಾಮಸೂರಿ ಚೀಲ ತಂದು ಕೂರಿಸಿ ಬೆಲ್ಟ್ ಹಾಕಿದೆವು. ನಮ್ಮ ಯಜಮಾನರು ಅದರ ಫೋಟೊ ತೆಗೆದು ಇಡೀ ಬಳಗಕ್ಕೆ ಕಳಿಸಿ, "ನಿಮ್ಮ ಮಗಳು ಕಾರಲ್ಲಿ ಕೂತಿದ್ದಾಳೆ" ಎಂದು ಬರೆದರು.

ಮುಂದಿನ ಎಡಚಕ್ರ 152 ಕಿಲೋ, ಬಲಚಕ್ರ 134. ಕುಂಟುವ ಸ್ಟೂಲಿನ ಹಾಗೆ. ಸ್ಟೂಲಿನ ಒಂದು ಕಾಲಿಗೆ ಕಾಗದ ಮಡಿಸಿ ಇಟ್ಟರೆ ಆ ಕಾಲಿಗೂ ಅದರ ಮೂಲೆಗೆ ಮೂಲೆ ಇರುವ ಕಾಲಿಗೂ ಭಾರ ಬೀಳುತ್ತದೆ. ಇಲ್ಲೂ ಅದೇ ಲೆಕ್ಕ. ಸ್ಪ್ರಿಂಗಿನ ಬುಡದಲ್ಲಿರುವ ಉಂಗುರವನ್ನು ತಿರುಗಿಸಿ ಬಲಗಡೆ ಒಂದಿಷ್ಟು ಎತ್ತಬೇಕು, ಎಡಗಡೆ ಒಂದಿಷ್ಟು ಇಳಿಸಬೇಕು, ಪ್ರತಿ ಸಲ ಕಾರನ್ನು ಅಲುಗಾಡಿಸಿ ಮತ್ತೆ ತೂಕ ನೋಡಬೇಕು. ಅಂಕಿ ಓದಿದ್ದು ನಾನು, ಉಂಗುರ ತಿರುಗಿಸಿದ್ದು ಅಪ್ಪ. ಸ್ಪ್ಯಾನರ್ ಎಲ್ಲಿ ಕೂರಬೇಕು ಅನ್ನೋದಕ್ಕೆ ಅವರಿಗೆ ಕಣ್ಣು ಬೇಕಾಗಿರಲಿಲ್ಲ. ಮೂರು ಗಂಟೆ ಹಿಡಿಯಿತು. ಕೊನೆಗೆ 143, 143.

"ಹದಿನಾರು ಟನ್ ಬಸ್ಸಿಗೆ ನಾವು ಇಷ್ಟು ನಾಜೂಕು ಮಾಡಿರಲಿಲ್ಲ" ಅಂತ ನಕ್ಕರು. ನಮ್ಮೂರಲ್ಲಿ ಹೀಗೆ ಕಾರು ಕಟ್ಟಿದರೆ ಆರ್‌ಟಿಒ ಒಪ್ತಾರಾ ಎಂದೂ ಕೇಳಿದರು. ಕಂಪನಿಯಿಂದ ಬಂದ ಗಾಡಿಯ ಮೂಲ ರೂಪವನ್ನೇ ಬದಲಿಸುವಂತಿಲ್ಲ ಎಂದು 2019ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ, ಇನ್ನು ಮನೆಯಲ್ಲಿ ಕಟ್ಟಿದ್ದು ದೂರದ ಮಾತು ಅಂದೆ. ಇಲ್ಲಿಯೂ ಹಾಗೇ ಬಿಟ್ಟುಬಿಡೋದಿಲ್ಲ. ರಸ್ತೆಗಿಳಿಯುವ ಮೊದಲು ಸರ್ಕಾರದ ಪರೀಕ್ಷಕರು ಬ್ರೇಕು, ದೀಪ, ಹೊಗೆ ಎಲ್ಲ ನೋಡಿ, ಯಾವ ಅಂಚಾದರೂ ಜನರಿಗೆ ತಾಗಿ ಗೀರುತ್ತದಾ ಅಂತಲೂ ನೋಡುತ್ತಾರೆ.

ಕ್ಯಾಡ್ವೆಲ್ ಪಾರ್ಕ್ ಇರುವುದು ಲಿಂಕನ್‌ಶೈರಿನಲ್ಲಿ. ನಾಟಿಂಗ್‌ಹ್ಯಾಮಿನ ನಮ್ಮ ಮನೆಯಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಮೇ ತಿಂಗಳ ಒಂದು ಶುಕ್ರವಾರ ಬೆಳಗಿನ ಜಾವ ಹೊರಟೆವು. ಸೆವೆನ್‌ನಲ್ಲಿ ನಾನೊಬ್ಬಳೇ, ಹಿಂದೆ ಮನೆಯ ಕಾರಿನಲ್ಲಿ ಯಜಮಾನರು, ಅಪ್ಪ, ಜ್ಯಾಕು, ಟೂಲ್‌ಬಾಕ್ಸು, ಪುಳಿಯೋಗರೆ. ನೆವಾರ್ಕ್ ದಾಟಿದ ಮೇಲೆ ನೆಲ ಚಪ್ಪಟೆ. ದೂರದಲ್ಲಿ ಗುಡ್ಡದ ಮೇಲಿನ ಲಿಂಕನ್ ಕೆಥೆಡ್ರಲ್ ಬಹಳ ಹೊತ್ತು ಜೊತೆಗೇ ಬರುತ್ತದೆ. ಹಾರ್ನ್‌ಕಾಸಲ್ ಊರು ಬಿಟ್ಟ ಕೂಡಲೇ ನೆಲ ಅಲೆಅಲೆಯಾಗಿ ಏಳಲು ಶುರು. ಇದೇ ವೋಲ್ಡ್ಸ್ ಗುಡ್ಡಸಾಲು. ನಮ್ಮ ಮಲೆನಾಡಿನವರು ನೋಡಿದರೆ ಇದನ್ನೂ ಗುಡ್ಡ ಅಂತಾರಾ ಎಂದು ಕೇಳಿಯಾರು. ಆದರೆ ಆ ತಿಂಗಳಲ್ಲಿ ಹೊಲಗಳೆಲ್ಲ ರೇಪ್‌ಸೀಡ್ ಹೂವಿನ ಹಳದಿ, ನಮ್ಮ ಸಾಸಿವೆ ಹೊಲದ ಹಾಗೆ. ಸೂರಿಲ್ಲದ ಕಾರಿನಲ್ಲಿ ಆ ವಾಸನೆ ಮೂಗಿಗೆ ಹೊಡೆಯುತ್ತದೆ.

1934ರಲ್ಲಿ ವಿಲ್ಕಿನ್ಸನ್ ಎಂಬ ಮನೆತನದವರು ತಮ್ಮ ಜಮೀನಿನಲ್ಲೇ ಬೈಕ್ ರೇಸಿಗೆಂದು ಮಾಡಿಕೊಂಡ ದಾರಿ ಇದು. ಈಗ ಮೂರೂವರೆ ಕಿಲೋಮೀಟರ್ ಉದ್ದ. ಹೊಸ ಟ್ರ್ಯಾಕುಗಳ ಹಾಗೆ ಅಗಲವಾಗಿ ಚಪ್ಪಟೆಯಾಗಿ ಇಲ್ಲ. ಕಣಿವೆಗೆ ಇಳಿದು, ಗುಡ್ಡ ಹತ್ತಿ, ಮರಗಳ ನಡುವೆ ನುಸುಳಿ ಬರುತ್ತದೆ. ಡಾಂಬರಿನ ಅಂಚು ಮುಗಿದರೆ ಹುಲ್ಲು, ಹುಲ್ಲು ಮುಗಿದರೆ ತಡೆಗೋಡೆ. ತಿರುವುಗಳಿಗೆಲ್ಲ ಹೆಸರಿದೆ. ಬಾತಿನ ಕತ್ತಿನ ಹಾಗೆ ಬಾಗಿ ಇಳಿಯುವುದು ಗೂಸ್‌ನೆಕ್. ಗೋಡೆಯ ಹಾಗೆ ಎದ್ದು ನಿಲ್ಲುವುದು ಮೌಂಟನ್. ಬ್ರಿಟಿಷ್ ಸೂಪರ್‌ಬೈಕ್ ರೇಸಿನ ಬೈಕುಗಳು ಅಲ್ಲಿ ನೆಲ ಬಿಟ್ಟು ಹಾರುವ ಚಿತ್ರವನ್ನು ನೀವೂ ಎಲ್ಲೋ ನೋಡಿರಬಹುದು.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಇದನ್ನು ಅಮ್ಮನಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದೆನೋ. ಯಾರಿಗೂ ಬಹುಮಾನ ಇಲ್ಲ, ಗಡಿಯಾರ ಹಿಡಿದು ಸಮಯ ಅಳೆಯುವಂತೆಯೂ ಇಲ್ಲ. ನೇರ ದಾರಿಯಲ್ಲಿ, ಮುಂದಿನವರು ಜಾಗ ಬಿಟ್ಟ ಮೇಲಷ್ಟೇ ದಾಟಬೇಕು. ಬೆಳಿಗ್ಗೆ ಬಾವುಟಗಳ ಪಾಠ ಕಡ್ಡಾಯ. ಹಳದಿ ಕಂಡರೆ ನಿಧಾನ, ಕೆಂಪು ಕಂಡರೆ ಎಲ್ಲರೂ ಒಳಗೆ ಬರಬೇಕು. ಅದಕ್ಕೂ ಮೊದಲು ಸದ್ದಿನ ಪರೀಕ್ಷೆ. ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ ಮೀಟರ್ ಹಿಡಿದು, ಎಂಜಿನ್ನನ್ನು ಅದರ ಗರಿಷ್ಠ ವೇಗದ ಮುಕ್ಕಾಲಿಗೆ ಏರಿಸಿ ಅಳೆಯುತ್ತಾರೆ. ಅಂದಿನ ಮಿತಿ 105 ಡೆಸಿಬೆಲ್, ನಮ್ಮದು 101. ಅಕ್ಕಪಕ್ಕದ ಹಳ್ಳಿಯವರ ಕಿವಿಯ ಬಗ್ಗೆ ಇಷ್ಟು ಕಾಳಜಿ ನೋಡಿ ಅಪ್ಪನಿಗೆ ಆಶ್ಚರ್ಯ. ಖರ್ಚಿನ ಮಾತು ಹೇಳದೆ ಬಿಟ್ಟರೆ ಮೋಸ. ಅಂದಿನ ಶುಲ್ಕ, ಅಂದಿಗೇ ಮಾಡಿಸಿದ ಬೇರೆ ವಿಮೆ, ಪೆಟ್ರೋಲು, ಟೈರಿನ ಸವೆತ ಸೇರಿದರೆ ನಮ್ಮ ಮನೆಯ ಒಂದು ತಿಂಗಳ ದಿನಸಿ. ವರ್ಷಕ್ಕೆ ಎರಡು ಸಲ ಮಾತ್ರ ಹೋಗುತ್ತೇನೆ.

ಹೆಲ್ಮೆಟ್ ಹಾಕಿ ಪಕ್ಕದ ಸೀಟಿನಲ್ಲಿ ಬನ್ನಿ ಅಂದರೆ ಅಪ್ಪ ಒಪ್ಪಲಿಲ್ಲ. "ಬೇಡ ಪುಟ್ಟಿ. ಪಕ್ಕದಲ್ಲಿ ಏನು ಹೋಗ್ತಿದೆ ಅಂತ ಕಾಣದೇ ಇದ್ರೆ ಹೊಟ್ಟೆ ತೊಳೆಸುತ್ತೆ. ನಾನು ನಿಂತು ಕೇಳ್ತೀನಿ." ಯಜಮಾನರ ಕೈ ಹಿಡಿದು ಮೌಂಟನ್ ಪಕ್ಕದ ಹುಲ್ಲಿನ ದಿಬ್ಬಕ್ಕೆ ಹೋಗಿ ನಿಂತರು.

ಟ್ರ್ಯಾಕಿನಲ್ಲಿ ಹಗುರ ಕಾರು ಏನು ಕೊಡುತ್ತದೆ ಎಂದು ಹೇಳೋದು ಕಷ್ಟ. ನೇರ ದಾರಿಯಲ್ಲಿ ದೊಡ್ಡ ಜರ್ಮನ್ ಕಾರುಗಳು ನನ್ನನ್ನು ದಾಟಿ ಹೋಗುತ್ತಿದ್ದವು. ಅವು ಬ್ರೇಕ್ ಒತ್ತುವ ಜಾಗದಿಂದ ಇನ್ನೂ ಎಷ್ಟೋ ಮುಂದೆ ನಾನು ಒತ್ತಿದರೆ ಸಾಕು. ಭಾರ ಇಲ್ಲದ್ದನ್ನು ನಿಲ್ಲಿಸುವುದೂ ಸುಲಭ, ತಿರುಗಿಸುವುದೂ ಸುಲಭ. ರಸ್ತೆಯ ಪ್ರತಿ ತೇಪೆ ಸ್ಟೀರಿಂಗಿಗೂ ಬೆನ್ನಿಗೂ ಬಂದು ಮುಟ್ಟುತ್ತದೆ. ಗೂಸ್‌ನೆಕ್ಕಿನಲ್ಲಿ ಇಳಿಯುವಾಗ ಹಿಂಭಾಗ ಹಗುರವಾಗಿ, ಈಗ ಜಾರುತ್ತೇನೆ ಎಂದು ಮೊದಲೇ ತಿಳಿಸುತ್ತದೆ. ಹಾಲ್ ಬೆಂಡ್ಸ್ ಎಂಬ ಮರಗಳ ನೆರಳಿನ ತಿರುವುಗಳಲ್ಲಿ ರಾತ್ರಿಯ ತೇವ ಹತ್ತು ಗಂಟೆಯಾದರೂ ಆರಿರಲಿಲ್ಲ. ಅಲ್ಲಿ ಮೆಲ್ಲಗೆ, ಮೊಸರಿನ ಪಾತ್ರೆ ಹಿಡಿದವಳ ಹಾಗೆ. ನಡುವೆ ಯಾರದೋ ಕಾರು ಜಾರಿ ಹುಲ್ಲಿಗೆ ಹೋಗಿ ಕೆಂಪು ಬಾವುಟ ಬಂತು. ಅವರಿಗೇನೂ ಆಗಿರಲಿಲ್ಲ, ಬಂಪರ್ ಮಾತ್ರ ಕೈಗೆ ಬಂದಿತ್ತು.

ಮಧ್ಯಾಹ್ನ ಅಪ್ಪ ಬಂದವರೇ ಹಿಂಬದಿಯ ಟೈರುಗಳನ್ನು ಅಂಗೈ ಬೆನ್ನಿನಿಂದ ಮುಟ್ಟಿ ನೋಡಿದರು. "ಗುಡ್ಡ ಹತ್ತೋವಾಗ ಪ್ರತಿ ಸಲ ಒಂದು ಚಕ್ರ ಬಿಟ್ಟಿ ಸುತ್ತುತ್ತಿದೆ. ಎಂಜಿನ್ ಸದ್ದು ಥಟ್ ಅಂತ ಮೇಲೆ ಹೋಗಿ ಕೆಳಗೆ ಬರುತ್ತೆ. ಬೇರೆ ಸೆವೆನ್ ಒಂದು ಬಂತಲ್ಲ, ಅದು ಹಂಗೆ ಮಾಡಲ್ಲ." ಒಳಗೆ ಕೂತ ನನಗೆ ಗಾಳಿ, ಹೆಲ್ಮೆಟ್ಟು, ಸದ್ದಿನ ನಡುವೆ ಅದು ಕುಲುಕಾಟದ ಒಂದು ಭಾಗ ಅನ್ನಿಸಿತ್ತು. ಅಪ್ಪ ಹೇಳಿದ ಮೇಲೆ ಲೆಕ್ಕ ಕೂಡಿತು. ನಮ್ಮ ಕಾರಿನ ಡಿಫರೆನ್ಶಿಯಲ್ ಸಾದಾ. ಒಂದು ಚಕ್ರ ಹಗುರವಾದರೆ ಎಂಜಿನ್ನಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ಬಿಗಿಯಾದಷ್ಟೂ, ತಿರುವಿನಲ್ಲಿ ಒಳಗಿನ ಚಕ್ರವನ್ನು ನೆಲದಿಂದ ಎತ್ತಲು ನೋಡುತ್ತದೆ. ಅದಕ್ಕೆ ಕೆಲವು ರಂಧ್ರಗಳಿವೆ, ಕೊಂಡಿಯನ್ನು ಯಾವುದಕ್ಕೆ ಹಾಕಿದರೆ ಅಷ್ಟು ಬಿಗಿ. ಪುಳಿಯೋಗರೆ ತಿಂದ ಕೈ ತೊಳೆದು, ಜ್ಯಾಕ್ ಎತ್ತಿ, ಎಲ್ಲಕ್ಕಿಂತ ಸಡಿಲದ ರಂಧ್ರಕ್ಕೆ ಹಾಕಿದೆವು. ಕಾಲು ಗಂಟೆಯ ಕೆಲಸ. ಪಕ್ಕದ ಗ್ಯಾರೇಜಿನ ಇಬ್ಬರು ಇಂಗ್ಲಿಷ್ ಹುಡುಗರು ಬಂದು ನಿಂತು ನೋಡಿದರು. ಏನು ನಡೀತಿದೆ ಎಂದು ಕೇಳಿದಾಗ ಅಪ್ಪ, "ಲಿಸನಿಂಗ್" ಅಂದರು. ಆಮೇಲೆ ಅವರೂ ಅಪ್ಪನನ್ನು ತಮ್ಮ ಎಂಜಿನ್ ಹತ್ತಿರ ಕರೆದುಕೊಂಡು ಹೋದರು.

ಮಧ್ಯಾಹ್ನದ ಮೊದಲ ಸುತ್ತಿನಲ್ಲೇ ವ್ಯತ್ಯಾಸ ಗೊತ್ತಾಯಿತು. ಮೌಂಟನ್ ಬುಡದಲ್ಲಿ ಆ್ಯಕ್ಸಿಲರೇಟರ್ ಒತ್ತಿದರೆ ಕಾರು ಉಗುರೂರಿ ಹತ್ತಿತು. ನೆತ್ತಿಯಲ್ಲಿ ಮೂತಿ ಆಕಾಶ ನೋಡಿ, ಹೊಟ್ಟೆ ಒಂದು ಗಳಿಗೆ ಮೇಲೆಯೇ ಉಳಿದು, ಮತ್ತೆ ಮರಗಳ ನೆರಳು. ದಿಬ್ಬದ ಮೇಲೆ ಬಿಳಿ ಅಂಗಿ ಕಂಡಿತು. ಅಪ್ಪನಿಗೆ ನಾನು ಕಂಡಿರಲಾರೆ. ಆದರೂ ಪ್ರತಿ ಸುತ್ತಿನಲ್ಲೂ ಕೈ ಎತ್ತುತ್ತಿದ್ದರಂತೆ, ಒಂದು ಸಲವೂ ಬೇರೆ ಕಾರಿಗೆ ಎತ್ತಲಿಲ್ಲ ಎಂದು ಯಜಮಾನರು ಹೇಳಿದರು.

ಸಂಜೆ ನಾಲ್ಕೂವರೆಗೆ ಸಾಮಾನು ಕಟ್ಟಿದೆವು. ಈಗ ಪಕ್ಕದ ಸೀಟಿಗೆ ಅಪ್ಪ ಬಂದರು. ಸೀಟಿನ ಮೇಲೆಯೇ ಕಾಲಿಟ್ಟು, ಕೈ ಊರಿ ಮೆಲ್ಲಗೆ ಒಳಗೆ ಇಳಿಯಬೇಕು. ಹೊರಗೆ ಹಾದುಹೋಗುವ ಸೈಲೆನ್ಸರ್ ಪೈಪಿಗೆ ಮೀನಖಂಡ ತಾಗಿ ಸುಟ್ಟ ಕಲೆ ಸೆವೆನ್ ಇಟ್ಟವರಿಗೆಲ್ಲ ಇರುತ್ತದೆ, ಅಪ್ಪ ಮಾತ್ರ ಪಂಚೆ ಬಿಟ್ಟು ಪ್ಯಾಂಟ್ ಹಾಕಿದ್ದರಿಂದ ಬಚಾವು. ನೇರ ಮನೆಗೆ ಹೋಗದೆ ಬ್ಲೂಸ್ಟೋನ್ ಹೀತ್ ರಸ್ತೆಗೆ ತಿರುಗಿಸಿದೆ. ವೋಲ್ಡ್ಸ್ ಸಾಲಿನ ಬೆನ್ನಿನ ಮೇಲೇ ಹೋಗುವ ಹಳೆಯ ದಾರಿ. ಪೂರ್ವಕ್ಕೆ ತಗ್ಗು ಬಯಲು, ಹವೆ ತಿಳಿಯಾಗಿದ್ದರೆ ಅದರಾಚೆ ಸಮುದ್ರದ ಗೆರೆ. ಅಂದು ತಿಳಿಯಾಗಿತ್ತು. ಐವತ್ತರ ವೇಗದಲ್ಲಿ ಹೋದೆ. ಬಾನಾಡಿಗಳ ಸದ್ದು ಎಂಜಿನ್ನಿನ ಮೇಲೂ ಕೇಳುತ್ತಿತ್ತು.

"ಎಡಕ್ಕೆ ಸಮುದ್ರ ಕಾಣ್ತಿದೆ ಅಪ್ಪ" ಅಂದೆ.

ಪೂರ್ತಿ ಕತ್ತು ತಿರುಗಿಸಿ, ಮುಖವನ್ನೇ ಆ ಕಡೆ ಇಟ್ಟು ಬಹಳ ಹೊತ್ತು ನೋಡಿದರು. ಕಂಡಿತೋ ಇಲ್ಲವೋ ಕೇಳಲಿಲ್ಲ. ಆಮೇಲೆ ತಿರುಗಿ, "ಗೇರು ಬದಲಿಸಬೇಡ, ಹಿಂಗೇ ಹೋಗ್ತಾ ಇರು" ಅಂದರು. ಎಂಟು ಮೈಲಿ ಹಾಗೆಯೇ ಹೋದೆವು.