ಕರಬೂಜ ಕಲಿಸಿದ ಪಾಠ

ರಾಮನವಮಿ ಬಂತೆಂದರೆ ನಮ್ಮ ಮನೆಯಲ್ಲಿ ಕೋಸಂಬರಿ, ನೀರುಮಜ್ಜಿಗೆಯ ಜೊತೆಗೆ ಕರಬೂಜದ ಪಾನಕ ಆಗಲೇಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸಂತೆಯಿಂದ ದೊಡ್ಡದಾಗಿ, ಹಸಿರಾಗಿ, ಗಟ್ಟಿಯಾಗಿದ್ದ ಹಣ್ಣನ್ನೇ ಆರಿಸಿ ತಂದಿದ್ದೆ. "ಇದೇನಮ್ಮಾ, ಸೌತೇಕಾಯಿ ತಂದಿದ್ದೀಯಾ?" ಅಂತ ನಮ್ಮತ್ತೆಯವರು ನಕ್ಕರು. ನಾಲ್ಕು ದಿನ ಇಟ್ಟೆ. ಮೆತ್ತಗಾಯಿತೇ ಹೊರತು ಸಿಹಿಯಾಗಲಿಲ್ಲ. ಬಾಳೆಹಣ್ಣಿನ ಹಾಗಲ್ಲ ಇದು. ಬಳ್ಳಿಯಲ್ಲಿದ್ದಾಗ ತುಂಬಿಕೊಂಡ ಸಿಹಿಯೇ ಸಿಹಿ, ಕಿತ್ತ ಮೇಲೆ ಹೆಚ್ಚುವುದಿಲ್ಲ.

ಮರುವಾರ ಅತ್ತೆಯವರೇ ಸಂತೆಗೆ ಕರೆದುಕೊಂಡು ಹೋಗಿ ತೋರಿಸಿದರು. ಸಿಪ್ಪೆಯ ಮೇಲಿನ ಬಲೆ ಕೈಗೆ ಉಬ್ಬಾಗಿ ಸಿಗಬೇಕು, ಅದರ ಸಂದಿಯಲ್ಲಿ ಹಸಿರು ಹೋಗಿ ಹಳದಿ ಇಣುಕಬೇಕು. ತೊಟ್ಟು ತಾನಾಗಿ ಕಳಚಿ ಅಲ್ಲಿ ಸಣ್ಣ ಗುಳಿ ಬಿದ್ದಿದ್ದರೆ ಒಳ್ಳೆಯದು. ಅದರ ಎದುರು ತುದಿಯನ್ನು ಒತ್ತಿದರೆ ಕೊಂಚ ಬಗ್ಗಬೇಕು. ಎಲ್ಲಕ್ಕಿಂತ ಮಿಗಿಲು ವಾಸನೆ. ಅಂಗಡಿಯವನು ಎಷ್ಟೇ ಗೊಣಗಲಿ, ಮೂಸಿ ನೋಡದೆ ನಾನಂತೂ ದುಡ್ಡು ಕೊಡುವುದಿಲ್ಲ!

ಆರಿಸುವುದನ್ನೇನೋ ಕಲಿತೆ, ಇಡುವುದನ್ನು ಕಲಿತಿರಲಿಲ್ಲ. ಅದಕ್ಕೆ ದಂಡ ತೆತ್ತದ್ದು ನನ್ನ ಆರು ವರ್ಷದ ಮಗಳು. ಒಂದು ಬೇಸಿಗೆ ಬೆಳಿಗ್ಗೆ ಹಣ್ಣು ಹೆಚ್ಚಿ, ತಟ್ಟೆ ಮುಚ್ಚಿ, ಕಟ್ಟೆಯ ಮೇಲೇ ಬಿಟ್ಟು ನೆಂಟರ ಮನೆಗೆ ಹೋಗಿದ್ದೆ. ಸಂಜೆ ಮಗು ಅದನ್ನು ತಿಂದಿತು. ರಾತ್ರಿಯೆಲ್ಲಾ ವಾಂತಿ, ಭೇದಿ. ಕಣ್ಣು ಗುಳಿ ಬಿದ್ದು ಹೋಯಿತು. ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು.

"ಹಣ್ಣು ತೊಳೆದು ಹೆಚ್ಚಿದ್ರಾ?" ಅಂತ ಡಾಕ್ಟರಮ್ಮ ಕೇಳಿದರು.

"ಸಿಪ್ಪೆ ಯಾರೂ ತಿನ್ನಲ್ವಲ್ಲಾ ಡಾಕ್ಟ್ರೇ" ಅಂದೆ.

ಅವರು ಗದರಲಿಲ್ಲ. ನೆಲದ ಮೇಲೆ ಮಲಗಿ ಬೆಳೆಯುವ ಹಣ್ಣು, ಬಲೆಯ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಚಾಕು ಅದನ್ನು ಒಳಕ್ಕೆ ಒಯ್ಯುತ್ತದೆ, ತಿರುಳಿನಲ್ಲಿ ಹುಳಿಯಿಲ್ಲದ್ದರಿಂದ ಸೆಕೆಯಲ್ಲಿ ರೋಗಾಣು ಬೇಗ ಬೆಳೆಯುತ್ತದೆ ಎಂದು ಬಿಡಿಸಿ ಹೇಳಿದರು. 2011ರಲ್ಲಿ ಅಮೆರಿಕದಲ್ಲಿ ಇಂಥ ರೋಗಾಣು ಹತ್ತಿದ ಕರಬೂಜ ತಿಂದು 33 ಜನ ಸತ್ತರೆಂದು ಆಮೇಲೆ ಓದಿದಾಗ ಮೈ ಜುಂ ಎಂದಿತು.

ಈಗ ಇಡೀ ಹಣ್ಣನ್ನು ನಲ್ಲಿಯ ಕೆಳಗೆ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಚಾಕು ಹಚ್ಚುತ್ತೇನೆ. ಬೇಕಾದಷ್ಟನ್ನೇ ಹೆಚ್ಚಿ, ಮಿಕ್ಕದ್ದನ್ನು ಕೂಡಲೇ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸುತ್ತೇನೆ. ಮುಚ್ಚದಿದ್ದರೆ ಹಾಲು, ಮೊಸರಿಗೆಲ್ಲ ಅದರದೇ ವಾಸನೆ! ಎರಡು ಗಂಟೆ ಹೊರಗಿದ್ದ ಹೋಳನ್ನು, ಹೊಟ್ಟೆ ಉರಿದರೂ, ಎಸೆದುಬಿಡುತ್ತೇನೆ.

ಸಂಜೆ ಮಕ್ಕಳಿಗೆ ಹೋಳುಗಳ ಮೇಲೆ ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ, ನಾಲ್ಕು ಹನಿ ನಿಂಬೆರಸ. ಬೋಂಡ, ಚಕ್ಕುಲಿ ಕೇಳುವುದನ್ನೇ ಬಿಟ್ಟಿದ್ದಾರೆ. ಹಣ್ಣಿನಲ್ಲಿ ಹೆಚ್ಚುಪಾಲು ನೀರೇ ಆದ್ದರಿಂದ ಬಿಸಿಲಿಗೆ ಹಿತ, ಕೇಸರಿ ತಿರುಳಿನದಾದರೆ ಕಣ್ಣಿಗೆ ಬೇಕಾದ ಎ ಜೀವಸತ್ವವೂ ಸಿಗುತ್ತದೆ. ಪಾನಕಕ್ಕೆ ತಿರುಳನ್ನು ಕೈಯಲ್ಲೇ ಕಿವುಚಿ, ಸೋಸಿದ ಬೆಲ್ಲದ ನೀರು, ಏಲಕ್ಕಿ ಬೆರೆಸಿ. ಮಿಕ್ಸಿ ಬೇಡ, ತಿರುಳು ಬಾಯಿಗೆ ಸಿಗಬೇಕು. ಬೀಜಗಳನ್ನು ತೊಳೆದು ಒಣಗಿಸಿಡಿ. ಮಧ್ಯಾಹ್ನ ಹರಟೆ ಹೊಡೆಯುತ್ತಾ ಸುಲಿದರೆ ಬರ್ಫಿಯ ಮೇಲೆ ಉದುರಿಸಲು ಆಯಿತು.