ಬೆಟ್ಟದ ಹೆಸರು ಸ್ಟಿಕರ್ ಮೇಲೆ ಕೂರುವಾಗ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮೇಲೇರಿದರೆ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನೆರಳಲ್ಲಿ ಕಾಫಿ ಗಿಡ. ಇನ್ನೂ ಮೇಲೆ ಹೋದರೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಕಾಡು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಬಿತ್ತಿದ್ದು ಈ ಬೆಟ್ಟದಲ್ಲೇ ಅನ್ನೋದು ಪ್ರತೀತಿ.

ಈಗ ಇಲ್ಲಿನ ತೋಟದ ಮನೆಗಳ ಹುಡುಗ, ಹುಡುಗಿಯರು ತಮ್ಮ ಬೀಜವನ್ನು ತಾವೇ ಹುರಿದು 250 ಗ್ರಾಂ ಪೌಚ್‌ನಲ್ಲಿ ಮಾರುತ್ತಿದ್ದಾರೆ. ಪೌಚ್ ಮೇಲೆಯೇ ಪ್ರಿಂಟ್ ಹಾಕಿಸಬೇಕೆಂದರೆ ಒಮ್ಮೆಗೇ ದೊಡ್ಡ ಆರ್ಡರ್ ಕೊಡಬೇಕು. ಹಾಗಾಗಿ ಖಾಲಿ ಪೌಚ್, ಅದಕ್ಕೊಂದು ಸ್ಟಿಕರ್. ವರ್ಷದ ದುಡಿಮೆಗೆ ಮುಖ ಅಂದ್ರೆ ಅದೇ.

ಮೊದಲ ತೊಡಕು ಹೆಸರಿನಲ್ಲೇ. ‘ಬಾಬಾಬುಡನ್‌ಗಿರಿ’ ಎಂದು ಟೈಪ್ ಮಾಡುವಾಗ ‘ನ್’ ಮತ್ತು ‘ಗಿ’ ನಡುವೆ ಕಣ್ಣಿಗೆ ಕಾಣದ ಒಂದು ಕೀಲಿ ಇರುತ್ತದೆ. ಅದು ಬಿಟ್ಟುಹೋದರೆ ‘ಗ’ ಒತ್ತಾಗಿ ‘ನ’ದ ಕೆಳಗೆ ಇಳಿಯುತ್ತದೆ. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ‘ಮುಳ್ಳಯ್ಯನಗಿರಿ’ಯ ಒತ್ತುಗಳೂ ಕಳಚಿ ಬೀಳಬಹುದು. ಪರಿಹಾರ ಸುಲಭ: ಅಕ್ಷರಗಳನ್ನೆಲ್ಲ ಔಟ್‌ಲೈನ್‌ಗೆ ಬದಲಿಸಿ ಪಿಡಿಎಫ್ ಕಳಿಸಿ. ತಿದ್ದಲು ಬರುವ ಮೂಲ ಫೈಲ್ ನಿಮ್ಮ ಬಳಿ ಬೇರೆಯಾಗಿ ಇರಲಿ.

ಎರಡನೆಯದು ಬಣ್ಣ. ಫೋನ್ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ ನಾಲ್ಕು ಶಾಯಿಗಳಿಂದ. ಮಳೆಗಾಲದ ಬೆಟ್ಟದ ಆ ಮಿಂಚುವ ಹಸಿರು ಕಾಗದಕ್ಕೆ ಬಂದಾಗ ಸ್ವಲ್ಪ ಮಂಕಾಗುತ್ತದೆ. ಡಿಸೈನನ್ನು ಮೊದಲೇ ಸಿಎಂವೈಕೆಗೆ ಬದಲಿಸಿ ನೋಡಿದರೆ ಆಮೇಲೆ ಬೇಜಾರಿಲ್ಲ. ಸಣ್ಣ ಅಕ್ಷರಗಳಿಗೆ ಬರೀ ಕಪ್ಪು ಶಾಯಿ ಸಾಕು. ನಾಲ್ಕೂ ಬಣ್ಣ ಬೆರೆಸಿದರೆ ಅಂಚು ಮಸುಕಾಗುತ್ತದೆ.

ಅಳತೆಗೆ ಬರೋಣ. ನಾಲ್ಕು ಇಂಚು ಅಗಲದ ಸ್ಟಿಕರ್‌ಗೆ 300 ಡಿಪಿಐ ಲೆಕ್ಕದಲ್ಲಿ ಫೋಟೊ 1200 ಪಿಕ್ಸೆಲ್ ಅಗಲ ಇರಬೇಕು. ಹಿನ್ನೆಲೆ ಬಣ್ಣ ಕತ್ತರಿಸುವ ಗೆರೆಯಿಂದ ಆಚೆಗೂ ಸುತ್ತ 3 ಮಿ.ಮೀ. ಚಾಚಲಿ, ಅಕ್ಷರಗಳು ಗೆರೆಯಿಂದ ಅಷ್ಟೇ ಒಳಗಿರಲಿ. “ವಾಟ್ಸಾಪ್ ಮಾಡಿದ್ದೀನಿ ಅಣ್ಣ” ಅಂದ್ರೆ ಪ್ರೆಸ್‌ನವರು ಹೇಳೋದು ಒಂದೇ: “ಫೋಟೊ ಬೇಡ ಸರ್, ಡಾಕ್ಯುಮೆಂಟ್ ಥರ ಕಳಿಸಿ.” ಫೋಟೊ ಆಗಿ ಹೋದರೆ ಫೈಲ್ ಕುಗ್ಗುತ್ತದೆ.

ಇನ್ನು ಮುಖ್ಯವಾದ ಮಾತು. ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎರಡಕ್ಕೂ 2019ರಲ್ಲಿ ಪ್ರತ್ಯೇಕ ಜಿಐ ಮಾನ್ಯತೆ ಸಿಕ್ಕಿದೆ. ತೋಟ ಮೂಡಿಗೆರೆ ಕಡೆಯದಾದರೆ ಬೆಟ್ಟದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆ ಬೆಟ್ಟದ ಹೆಸರು ನಿಮ್ಮದಲ್ಲ. ಜಿಐ ಲಾಂಛನ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಚಿಕೋರಿ ಬೆರೆಸಿದ್ದರೆ ಎಷ್ಟು ಶೇಕಡಾ ಎಂದು ಬರೆಯಲೇಬೇಕು. ಅದು 49 ಮೀರುವಂತಿಲ್ಲ. ನಿವ್ವಳ ತೂಕ, ಎಂಆರ್‌ಪಿ, ತಯಾರಿಕೆಯ ದಿನಾಂಕ, 14 ಅಂಕಿಯ ಎಫ್ಎಸ್ಎಸ್ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ಇವಕ್ಕೆಲ್ಲ ಮೊದಲೇ ಜಾಗ ಬಿಡಿ. ಎಲ್ಲ ಮುಗಿದ ಮೇಲೆ ತುರುಕಿದರೆ ಓದಲಾಗುವುದಿಲ್ಲ.

ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಪೌಚ್‌ನ ಪುಟ್ಟ ವಾಲ್ವ್ ಇರೋದು ಅದಕ್ಕೇ, ಅದರ ಮೇಲೆ ಸ್ಟಿಕರ್ ಬರಬಾರದು. ಮಲೆನಾಡಿನ ತೇವಕ್ಕೆ ಬರೀ ಕಾಗದಕ್ಕಿಂತ ಲ್ಯಾಮಿನೇಷನ್ ಮಾಡಿದ್ದು ವಾಸಿ.

ಆರ್ಡರ್ ಕೊಡುವ ಮುನ್ನ ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆದು ಪೌಚ್‌ಗೆ ಅಂಟಿಸಿ. ಡಿಸೈನ್ ನೋಡಿರದ ಮನೆಯ ಹಿರಿಯರ ಕೈಗೆ ಕೊಟ್ಟು ಜೋರಾಗಿ ಓದಲು ಹೇಳಿ. ಊರಿನ ಹೆಸರಿನಲ್ಲಿ ಅವರು ತಡವರಿಸಿದರೆ ಫೈಲ್ ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ.