ತಿಂಗಳ ಲೆಕ್ಕ

ಹೇಳಲು ಸಂಕೋಚವೇ, ಆದರೂ ಹೇಳುತ್ತೇನೆ. ಕಳೆದ ವರ್ಷ ಮನಸ್ಸಿನ ಬೇನೆಗೆಂದು ವೈದ್ಯರು ನನಗೆ ಸರ್ಟ್ರಲೀನ್ ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ನಿದ್ದೆ ಬಂದಿತು, ಪುಸ್ತಕ ಹಿಡಿಯುವ ಮನಸ್ಸೂ ಬಂದಿತು; ಮುಟ್ಟು ಮಾತ್ರ ಬರಲಿಲ್ಲ. ಅಮ್ಮ ಕ್ಯಾಲೆಂಡರಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಆ ನೋಟಕ್ಕೆ ಹೆದರಿ ಗುಳಿಗೆಗಳನ್ನು ಎಸೆಯಲು ಹೊರಟಿದ್ದೆ.

ಎಸೆಯುವ ಮುನ್ನ ವೈದ್ಯರನ್ನು ಕೇಳಿದೆ. ಅವರು ನಗಲಿಲ್ಲ. ಈ ಗುಳಿಗೆ ಮಿದುಳಿನಲ್ಲಿ ಸೆರೊಟೋನಿನ್ನಿನ ಬಲವನ್ನು ಹೆಚ್ಚಿಸುತ್ತದೆ. ಕೆಲವರಲ್ಲಿ ಅದರಿಂದ ಪ್ರೊಲ್ಯಾಕ್ಟಿನ್ ಎಂಬ, ಬಾಣಂತಿಯಲ್ಲಿ ಹಾಲು ಹುಟ್ಟಿಸುವ ಹಾರ್ಮೋನು ಏರುತ್ತದೆ. ಅದು ಏರಿದರೆ ಅಂಡ ಬಿಡುಗಡೆಗೆ ಮಿದುಳು ಕೊಡುವ ಆಜ್ಞೆ ತಗ್ಗಿ ಮುಟ್ಟು ತಡವಾಗುತ್ತದೆ. ಎಲ್ಲರಿಗೂ ಹೀಗಾಗದು. ಬೇನೆಯೂ, ಊಟ ಬಿಟ್ಟು ಇಳಿದ ತೂಕವೂ, ಥೈರಾಯ್ಡ್ ದೋಷವೂ ಇದನ್ನೇ ಮಾಡಬಲ್ಲವು. ಸ್ವಾರಸ್ಯವೆಂದರೆ, ಇದೇ ಜಾತಿಯ ಫ್ಲುಯೊಕ್ಸಿಟೀನನ್ನು ಮುಟ್ಟಿಗೆ ಮುಂಚೆ ಕಾಡುವ ತೀವ್ರ ಮನೋವೇದನೆಗೆಂದೇ ಅಮೆರಿಕ 2000ದಲ್ಲಿ ಒಪ್ಪಿತು.

ರಕ್ತಪರೀಕ್ಷೆಯಲ್ಲಿ ನನ್ನ ಪ್ರೊಲ್ಯಾಕ್ಟಿನ್ ತುಸು ಹೆಚ್ಚಿತ್ತು. ಥಟ್ಟನೆ ಬಿಟ್ಟರೆ ತಲೆಸುತ್ತು, ತಳಮಳ ಬರಬಹುದೆಂದು ವೈದ್ಯರು ಗುಳಿಗೆಯನ್ನು ಮೆಲ್ಲಮೆಲ್ಲಗೆ ಬದಲಿಸಿದರು. ಮೂರನೆಯ ತಿಂಗಳಿಗೆ ಲೆಕ್ಕ ಸರಿಹೋಯಿತು.

“ಇದನ್ನು ಮೊದಲೇ ಕೇಳಬಾರದಿತ್ತೆ?” ಎಂದಳು ಅಮ್ಮ. ಕೇಳಬಹುದಿತ್ತು, ಗೆಳತಿಯರೆ, ಆದರೆ ಕೇಳುವುದನ್ನು ನಮಗೆ ಕಲಿಸಿದವರಾರು?